ರಾಷ್ಟ್ರಗೀತೆಗೆ ಮಂಡಿಯೂರಿದರೆ ದೇಶಕ್ಕೆ ಅವಮಾನವೇ?

ನಿಮ್ಮ ಪ್ರಶ್ನೆ ಹೀಗಿದೆ: "ಅಮೆರಿಕದಲ್ಲಿ ಫುಟ್‌ಬಾಲ್ ಆಟಗಾರರು ರಾಷ್ಟ್ರಗೀತೆಯ ಹೊತ್ತಿನಲ್ಲಿ ಎದ್ದು ನಿಲ್ಲದೆ ಮಂಡಿಯೂರುತ್ತಿದ್ದರಲ್ಲ, ಕೋಟಿಗಟ್ಟಲೆ ಸಂಬಳ ಕೊಡುವ ದೇಶಕ್ಕೆ ಅದು ಅವಮಾನ ಅಲ್ಲವೇ? ಅಲ್ಲಿರುವ ಕನ್ನಡಿಗರು ಯಾರಾದರೂ ಹೇಳಿ."

ನಾನು ಅಲ್ಲೇ ಇದ್ದೇನೆ. ಇದೆಲ್ಲ ಶುರುವಾದ ಲೀವೈಸ್ ಸ್ಟೇಡಿಯಂ ಇರುವುದು ಸಾಂಟಾ ಕ್ಲಾರಾದಲ್ಲಿ, ಸನ್ನಿವೇಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ. ನನಗೆ ಅದು ಅವಮಾನ ಅನ್ನಿಸಲಿಲ್ಲ. ಆದರೂ ಅಲ್ಲಿ ಪಂದ್ಯ ನೋಡಲು ಹೋದಾಗ ನಾನು ಎದ್ದೇ ನಿಂತಿದ್ದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಸಂಬಳ ಕೊಡುವುದು ದೇಶ ಅಲ್ಲ, ತಂಡದ ಮಾಲೀಕರು. ಎನ್‌ಎಫ್‌ಎಲ್, ಅಂದರೆ ಇಲ್ಲಿನ ಫುಟ್‌ಬಾಲ್ ಲೀಗ್, ನಮ್ಮ ಐಪಿಎಲ್ ಥರದ್ದು. ಅಲ್ಲಿ ಆಡುವುದು ಅಮೆರಿಕ ತಂಡವಲ್ಲ, ಊರೂರಿನ ಖಾಸಗಿ ತಂಡಗಳು. ಆರ್‌ಸಿಬಿ-ಚೆನ್ನೈ ಮಾಮೂಲಿ ಲೀಗ್ ಪಂದ್ಯಕ್ಕೆ ನಾವು ಜನಗಣಮನ ಹಾಡಿಸುವುದಿಲ್ಲ, ಹಾಡಿಸಿಲ್ಲವೆಂದು ಯಾರಿಗೂ ಏನೂ ಅನ್ನಿಸುವುದೂ ಇಲ್ಲ. ಇಲ್ಲಿ ಪ್ರತಿ ಪಂದ್ಯಕ್ಕೂ ಹಾಡಿಸುತ್ತಾರೆ.

2016ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಮುಖ್ಯ ಆಟಗಾರ) ಕಾಲಿನ್ ಕ್ಯಾಪರ್ನಿಕ್ ರಾಷ್ಟ್ರಗೀತೆಯ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತೇ ಇದ್ದ. ತಮಾಷೆ ಏನೆಂದರೆ, ಅದಕ್ಕೂ ಮೊದಲು ಎರಡು ಅಭ್ಯಾಸ ಪಂದ್ಯಗಳಲ್ಲಿ ಹಾಗೇ ಕೂತಿದ್ದ, ಒಬ್ಬರೂ ಗಮನಿಸಿರಲಿಲ್ಲ. ಆಡುತ್ತಿರಲಿಲ್ಲವಾದ್ದರಿಂದ ಮೈಮೇಲೆ ಜೆರ್ಸಿ ಇರಲಿಲ್ಲ. ಆಗಸ್ಟ್ 26ರಂದು ಜೆರ್ಸಿ ಹಾಕಿಕೊಂಡು ಕೂತ, ಒಂದು ಫೋಟೋ ಟ್ವಿಟರ್‌ಗೆ ಬಂತು, ಬೆಳಗಾಗುವುದರೊಳಗೆ ದೇಶವೆಲ್ಲ ಅದೇ ಮಾತು. ಕೇಳಿದವರಿಗೆ ಅವನು ಹೇಳಿದ್ದು ಇಷ್ಟು: ಕರಿಯರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ. ಆ ಜುಲೈನಲ್ಲಷ್ಟೇ ಬೇಟನ್ ರೂಜ್‌ನಲ್ಲಿ ಆಲ್ಟನ್ ಸ್ಟರ್ಲಿಂಗ್, ಮರುದಿನವೇ ಮಿನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಪೊಲೀಸರ ಗುಂಡಿಗೆ ಸತ್ತಿದ್ದರು. ಕ್ಯಾಸ್ಟೀಲ್ ಕಾರಿನಲ್ಲಿ ಅವನ ಗೆಳತಿಯೂ ಅವಳ ನಾಲ್ಕು ವರ್ಷದ ಮಗಳೂ ಇದ್ದರು.

ಕೂತವನು ಮಂಡಿಯೂರಿದ್ದು ಹೇಗೆ ಅನ್ನುವುದು ನಮ್ಮ ಕಡೆ ಅಷ್ಟು ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳಿಕೊಟ್ಟವನು ಒಬ್ಬ ಮಾಜಿ ಸೈನಿಕ. ನೇಟ್ ಬೋಯರ್ ಅಂತ, ಅಮೆರಿಕದ ವಿಶೇಷ ಪಡೆಯಲ್ಲಿದ್ದು ಬಂದವನು, ಸ್ವಲ್ಪ ದಿನ ಎನ್‌ಎಫ್‌ಎಲ್ ತಂಡವೊಂದರಲ್ಲಿಯೂ ಇದ್ದ. ನೀನು ಕೂತಿದ್ದು ನೋಡಿ ನನಗೆ ನೋವಾಯಿತು, ಆದರೂ ನಿನ್ನ ಮಾತು ಕೇಳಲು ತಯಾರಿದ್ದೇನೆ ಎಂಬ ಧಾಟಿಯಲ್ಲಿ ಬಹಿರಂಗ ಪತ್ರ ಬರೆದ. ಇಬ್ಬರೂ ಭೇಟಿಯಾದರು. ಸೈನಿಕರು ಸತ್ತ ಗೆಳೆಯನ ಸಮಾಧಿಯ ಮುಂದೆ ಒಂದು ಮಂಡಿ ನೆಲಕ್ಕೂರುತ್ತಾರೆ, ಕೂರುವ ಬದಲು ಹಾಗೆ ಮಾಡು ಎಂದ ಬೋಯರ್. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯೇಗೊದಲ್ಲಿ ಕ್ಯಾಪರ್ನಿಕ್ ಮತ್ತು ಜೊತೆಗಾರ ಎರಿಕ್ ರೀಡ್ ಮಂಡಿಯೂರಿದರು, ಪಕ್ಕದಲ್ಲೇ ಬೋಯರ್ ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದ. ಒಬ್ಬನ ಮಂಡಿ ನೆಲದಲ್ಲಿ, ಇನ್ನೊಬ್ಬನ ಕೈ ಎದೆಯಲ್ಲಿ, ಇಬ್ಬರಿಗೂ ಜಗಳವಿಲ್ಲ. ಜಗಳ ಇದ್ದದ್ದು ಟಿವಿ ನೋಡುತ್ತಿದ್ದವರಲ್ಲಿ.

ಕ್ಯಾಪರ್ನಿಕ್‌ನ ಎಲ್ಲವನ್ನೂ ನಾನು ಒಪ್ಪುತ್ತೇನೆ ಅಂದುಕೊಳ್ಳಬೇಡಿ. ಅಭ್ಯಾಸಕ್ಕೆ ಬರುವಾಗ ಪೊಲೀಸ್ ಟೋಪಿ ಹಾಕಿದ ಹಂದಿಯ ಚಿತ್ರವಿದ್ದ ಕಾಲುಚೀಲ ಹಾಕಿಕೊಂಡಿದ್ದ. ಅಷ್ಟು ದೊಡ್ಡ ಮಾತು ಹೇಳಲು ಹೊರಟವನಿಗೆ ಆ ಚಿಲ್ಲರೆ ಕೀಟಲೆ ಬೇಕಿರಲಿಲ್ಲ. ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ವೋಟೂ ಹಾಕಲಿಲ್ಲ. ಆದರೆ 10 ಲಕ್ಷ ಡಾಲರ್ ದಾನ ಮಾಡುತ್ತೇನೆ ಎಂದವನು ಮಾಡಿದ, ಅದನ್ನೂ ಹೇಳಬೇಕಲ್ಲ.

ಅದೇ ಅಕ್ಟೋಬರ್‌ನಲ್ಲಿ ಆಫೀಸಿನಲ್ಲಿ ಯಾರೋ ಉಳಿದ ಟಿಕೆಟ್ ಕೊಟ್ಟರು, ಟ್ಯಾಂಪಾ ಬೇ ವಿರುದ್ಧದ ಪಂದ್ಯ. ನನಗೆ ಆ ಆಟದ ತಲೆಬುಡ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ನಮ್ಮ ಸೀಟು ಮೇಲಿನ ಸಾಲಿನಲ್ಲಿ, ಬಿಸಿಲು ನೆತ್ತಿ ಸುಡುತ್ತಿತ್ತು. ಹಾಡು ಶುರುವಾಯಿತು, ಎಲ್ಲರೂ ಎದ್ದರು, ನಾನೂ ಎದ್ದೆ. ಕ್ಯಾಪರ್ನಿಕ್ ಎಲ್ಲಿದ್ದಾನೆ ಎಂದು ಹುಡುಕಿದರೆ ಕೆಳಗೆ ಗೆರೆಯಂಚಿನಲ್ಲಿ ಹೆಬ್ಬೆರಳಿನಷ್ಟು ಆಕೃತಿಗಳು, ಅದರಲ್ಲಿ ಒಂದೆರಡು ಗಿಡ್ಡಗೆ ಕಂಡವು, ಅಷ್ಟೆ. ನನ್ನ ಕಣ್ಣು ಹೋದದ್ದು ಹಿಂದಕ್ಕೆ. ಮೆಟ್ಟಿಲ ಮೇಲಿನ ಪಡಸಾಲೆಯಲ್ಲಿ ಬಿಯರ್‌ಗೆ ಸಾಲು ನಿಂತಿತ್ತು. ಹಾಡು ನಡೆಯುತ್ತಿದ್ದರೂ ಸಾಲು ಸರಿಯುತ್ತಿತ್ತು, ಕಾರ್ಡ್ ಉಜ್ಜುತ್ತಿದ್ದರು, ಒಬ್ಬ ಎರಡೂ ಕೈಯಲ್ಲಿ ಲೋಟ ಹಿಡಿದು ಚೆಲ್ಲದಂತೆ ನಡೆದು ಬಂದ. ಅವನಿಗೆ ಯಾರೂ ದೇಶದ್ರೋಹಿ ಅನ್ನಲಿಲ್ಲ. ಅನ್ನಬೇಕು ಅಂತಲೂ ನಾನು ಹೇಳುತ್ತಿಲ್ಲ.

ನಾನು ಯಾಕೆ ಎದ್ದೆ ಅಂದರೆ, ಆಗ ನಾನು ಎಚ್‌-1ಬಿ ಕೆಲಸದ ವೀಸಾ ಮೇಲಿದ್ದೆ. ಕೂತರೆ ಯಾರಾದರೂ ಫೋಟೋ ತೆಗೆದಾರು, ನಾಳೆ ಗ್ರೀನ್ ಕಾರ್ಡ್‌ಗೆ ಏನಾದರೂ ಆದೀತು ಎಂಬ ಪುಕ್ಕಲು. ಹೊರಗಿನಿಂದ ನೋಡಿದರೆ ನನ್ನ ನಿಲುವು ಬೋಯರ್‌ನ ನಿಲುವಿನಂತೆಯೇ ಇತ್ತು. ಒಳಗೆ ಇದ್ದದ್ದು ಬರೀ ಭಯ.

ಇನ್ನು ಈ ಟಿವಿಯ ದೇಶಭಕ್ತಿಯ ವಿಷಯ. 2009ರವರೆಗೆ ರಾತ್ರಿಯ ದೊಡ್ಡ ಪಂದ್ಯಗಳಲ್ಲಿ ಹಾಡಿನ ಹೊತ್ತಿಗೆ ಆಟಗಾರರು ಮೈದಾನದಲ್ಲೇ ಇರುತ್ತಿರಲಿಲ್ಲ, ಲಾಕರ್ ರೂಮಿನಲ್ಲಿರುತ್ತಿದ್ದರು. ಕಾರಣ ಟಿವಿಯ ಸಮಯ ಹೊಂದಾಣಿಕೆ. ಇಷ್ಟು ಸಾಲದ್ದಕ್ಕೆ, 2015ರಲ್ಲಿ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಎಂಬ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳು ಒಂದು ವರದಿ ಹೊರತಂದರು. ಮೆಕೇನ್ ವಿಯೆಟ್ನಾಂನಲ್ಲಿ ಐದು ವರ್ಷಕ್ಕೂ ಮಿಕ್ಕಿ ಯುದ್ಧಕೈದಿಯಾಗಿದ್ದವರು, ಅವರ ದೇಶಭಕ್ತಿಯನ್ನು ಅನುಮಾನಿಸುವುದು ಕಷ್ಟ. ಸೈನಿಕರನ್ನು ಮೈದಾನಕ್ಕೆ ಕರೆಸಿ ಚಪ್ಪಾಳೆ ಹೊಡೆಸುವುದು, ದೊಡ್ಡ ಬಾವುಟ ಬಿಚ್ಚುವುದು ಇಂಥವಕ್ಕೆ ರಕ್ಷಣಾ ಇಲಾಖೆ ವೃತ್ತಿಪರ ತಂಡಗಳಿಗೆ 68 ಲಕ್ಷ ಡಾಲರ್ ಕೊಟ್ಟಿತ್ತು ಎಂದು ಅದರಲ್ಲಿತ್ತು. ಜನ ಕಣ್ಣೀರು ಹಾಕಿ ನೋಡಿದ್ದು ಜಾಹೀರಾತು ಅಂತಾಯಿತು. ಎನ್‌ಎಫ್‌ಎಲ್ ಮರುವರ್ಷ 7 ಲಕ್ಷ ಡಾಲರ್‌ಗೂ ಹೆಚ್ಚು ವಾಪಸು ಕೊಟ್ಟಿತು.

2017ರ ಸೆಪ್ಟೆಂಬರ್ 22ರಂದು ಅಧ್ಯಕ್ಷ ಟ್ರಂಪ್ ಅಲಬಾಮದ ಸಭೆಯೊಂದರಲ್ಲಿ ಮಂಡಿಯೂರುವವರನ್ನು ತಾಯಿ ಎತ್ತಿ ಬೈದು, ಅಂಥವರನ್ನು ಮಾಲೀಕರು ಮೈದಾನದಿಂದ ಆಚೆ ಹಾಕಬೇಕು ಎಂದರು. ಆ ಭಾನುವಾರ 200ಕ್ಕೂ ಹೆಚ್ಚು ಆಟಗಾರರು ಕೂತರು ಅಥವಾ ಮಂಡಿಯೂರಿದರು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಮಾರನೆಯ ದಿನ, ಸೋಮವಾರ ರಾತ್ರಿ. ಅರಿಜೋನದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ, ಮಾಲೀಕ ಜೆರ್ರಿ ಜೋನ್ಸ್ ಸಮೇತ, ತೋಳಿಗೆ ತೋಳು ಸೇರಿಸಿ ಮಂಡಿಯೂರಿತು. ಯಾವಾಗ? ಹಾಡು ಶುರುವಾಗುವ ಮೊದಲು. ಆಮೇಲೆ ಎದ್ದು, ಹಾಡು ಮುಗಿಯುವ ತನಕ ಎಲ್ಲರೂ ನೆಟ್ಟಗೆ ನಿಂತರು. ಬಾವುಟಕ್ಕೂ ಹಾಡಿಗೂ ಒಂದಿಷ್ಟೂ ಕುಂದಿಲ್ಲ. ಆದರೂ ಅವರು ಮಂಡಿಯೂರಿದ ಕ್ಷಣ ಸ್ಟೇಡಿಯಂ ತುಂಬ ಬೂ ಎಂದು ಕೂಗಿದರು. ನಾನು ಟಿವಿಯಲ್ಲಿ ನೋಡುತ್ತಿದ್ದೆ. ಹಾಡೇ ಇಲ್ಲದಾಗ ಯಾವುದಕ್ಕೆ ಅವಮಾನವಾಯಿತು ಎಂದು ಹೆಂಡತಿ ಕೇಳಿದಳು. ಅಲ್ಲಿಗೆ ನನ್ನ ಅನುಮಾನ ತೀರಿತು. ಸಿಟ್ಟು ಹಾಡಿನ ವಿಷಯಕ್ಕೆ ಇದ್ದದ್ದು ಸ್ವಲ್ಪ, ಆಟ ಆಡಲು ಬಂದವರು ಆಟ ಬಿಟ್ಟು ಮಾತಾಡಿದರಲ್ಲ ಎಂಬುದಕ್ಕೆ ಇದ್ದದ್ದು ಜಾಸ್ತಿ. ಆ ಲೀಗ್‌ನಲ್ಲಿ ಆಗ ಆಟಗಾರರಲ್ಲಿ ಸುಮಾರು ಶೇ. 70 ಮಂದಿ ಕರಿಯರು ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಕ್ಯಾಪರ್ನಿಕ್‌ಗೆ 2017ರಲ್ಲಿ ಫೋರ್ಟಿನೈನರ್ಸ್ ಬಿಟ್ಟ ಮೇಲೆ ಯಾವ ತಂಡವೂ ಕೆಲಸ ಕೊಡಲಿಲ್ಲ. ತಂಡಗಳು ಒಳಸಂಚು ಮಾಡಿವೆ ಎಂದು ದೂರು ಕೊಟ್ಟ, 2019ರಲ್ಲಿ ರಾಜಿಯಾಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಎನ್‌ಎಫ್‌ಎಲ್ ಮುಖ್ಯಸ್ಥ ರೋಜರ್ ಗುಡೆಲ್, ಆಟಗಾರರ ಮಾತನ್ನು ಮೊದಲೇ ಕೇಳದಿದ್ದದ್ದು ತಪ್ಪಾಯಿತು ಎಂದರು. ಕ್ಯಾಪರ್ನಿಕ್‌ನ ಹೆಸರನ್ನು ಮಾತ್ರ ಎತ್ತಲಿಲ್ಲ.

ನಮ್ಮವರೂ ಮಂಡಿಯೂರಿದ್ದಾರೆ, ನೆನಪಿದೆಯೇ? 2021ರ ಅಕ್ಟೋಬರ್ 24, ದುಬೈ, ಟಿ20 ವಿಶ್ವಕಪ್, ಪಾಕಿಸ್ತಾನದ ವಿರುದ್ಧ. ಆಟ ಶುರುವಾಗುವ ಮುಂಚೆ ಪಿಚ್ ಬಳಿ ರೋಹಿತ್ ಶರ್ಮಾ, ಮಂಗಳೂರಿನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್, ಗೆರೆಯಾಚೆ ಉಳಿದವರೆಲ್ಲ ಕರಿಯರ ಹೋರಾಟಕ್ಕೆ ಬೆಂಬಲವಾಗಿ ಒಂದು ಮಂಡಿ ಊರಿದರು. ಬಹಳ ಜನಕ್ಕೆ ಅದು ನೆನಪೂ ಇಲ್ಲ. ದೂರದೂರಿನವರ ನೋವಿಗೆ ಮಂಡಿ ಸಲೀಸಾಗಿ ಬಾಗುತ್ತದೆ. ನಮ್ಮೂರಿನ ಯಾವುದಾದರೂ ಸಾವಿಗೆ ಹಾಗೆ ಮಾಡಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಿ.

ಮಂಡಿ ಎಂದಾಗ ಅಪ್ಪ ನೆನಪಾಗುತ್ತಾರೆ. 2017ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದಾಗ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವಾಗಿದ್ದ ಕಾಲ. ಅಪ್ಪನಿಗೆ ಎರಡೂ ಮಂಡಿ ಸವೆದಿತ್ತು, ಆಪರೇಷನ್ ಬೇಡ ಎಂದು ಹಟ. ಜನಗಣಮನ ಶುರುವಾಯಿತು, ಅಪ್ಪ ಸೀಟಿನ ಎರಡೂ ಕೈ ಹಿಡಿದು ಏಳಲು ನೋಡಿದರು. ಅರ್ಧ ಎದ್ದು ಮತ್ತೆ ಕುಸಿದರು. ಹಿಂದಿನ ಸಾಲಿನಿಂದ "ಪಾಪ್‌ಕಾರ್ನ್ ತಿನ್ನಕ್ಕೆ ಶಕ್ತಿ ಇರತ್ತೆ" ಎಂದು ಒಬ್ಬ ಗೊಣಗಿದ. ಅಪ್ಪ ನನ್ನ ತೋಳು ಹಿಡಿದು ಪೂರ್ತಿ ನಿಲ್ಲುವ ಹೊತ್ತಿಗೆ ಕೊನೆಯ ಜಯ ಹೇ ಬಂದಿತ್ತು. 52 ಸೆಕೆಂಡಿನ ಹಾಡು. ಎಲ್ಲರೂ ಕೂತ ಮೇಲೂ ಅಪ್ಪ ಒಬ್ಬರೇ ನಿಂತಿದ್ದರು, ಕೂರಲೂ ಅಷ್ಟೇ ಹೊತ್ತು ಬೇಕಲ್ಲ. ಇಂಥವರಿಗೆ ವಿನಾಯಿತಿ ಇದೆ ಎಂದು ಸುಪ್ರೀಂ ಕೋರ್ಟ್ ಮೊದಲೇ ಹೇಳಿತ್ತು, ಜನವರಿ 9, 2018ರಂದು ಕಡ್ಡಾಯವನ್ನೇ ತೆಗೆಯಿತು. ಹಿಂದಿನ ಸಾಲಿನವನಿಗೆ ಅಪ್ಪನ ಮಂಡಿ ಹೇಗೆ ಗೊತ್ತಾಗಬೇಕು? ನಿಂತವನ ಮನಸ್ಸೂ ಕೂತವನ ಕಾರಣವೂ ಹಿಂದಿನ ಸಾಲಿಗೆ ಕಾಣುವುದಿಲ್ಲ.

ಕಾನೂನು ಕೇಳುತ್ತೀರಾದರೆ, ಎರಡೂ ದೇಶದ ಸುಪ್ರೀಂ ಕೋರ್ಟ್‌ಗಳು ಈ ಬಲವಂತದ ಪ್ರಶ್ನೆಯನ್ನು ಶಾಲೆಯ ಮಕ್ಕಳ ಮೊಕದ್ದಮೆಯಲ್ಲೇ ತೀರ್ಮಾನಿಸಿವೆ. ಅಮೆರಿಕದಲ್ಲಿ 1943ರಲ್ಲಿ, ಅದೂ ಮಹಾಯುದ್ಧದ ನಡುವೆ, ಮಕ್ಕಳಿಂದ ಬಲವಂತವಾಗಿ ಬಾವುಟಕ್ಕೆ ವಂದನೆ ಮಾಡಿಸುವಂತಿಲ್ಲ ಎಂದಿತು. ನಮ್ಮಲ್ಲಿ 1986ರಲ್ಲಿ ಕೇರಳದ ಮೂವರು ಮಕ್ಕಳ ಪರ ತೀರ್ಪು ಬಂತು. ವ್ಯತ್ಯಾಸವನ್ನೂ ಹೇಳಿಬಿಡುತ್ತೇನೆ: ಆ ಮಕ್ಕಳು ಗೌರವದಿಂದ ಎದ್ದು ನಿಂತಿದ್ದರು, ಬಾಯಿಬಿಟ್ಟು ಹಾಡಿರಲಿಲ್ಲ ಅಷ್ಟೆ.

ಕೊನೆಗೆ ಒಂದು ಜಾಗ. ನೀವು ಈ ಕಡೆ ಬಂದರೆ ಸ್ಟೇಡಿಯಂ ನೋಡದಿದ್ದರೂ ಪರವಾಗಿಲ್ಲ, ಹತ್ತಿರದ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಪದಕ ಪಡೆದು, ತಮ್ಮ ರಾಷ್ಟ್ರಗೀತೆ ಮೊಳಗುವಾಗ ಕರಿಯರ ಹಕ್ಕಿಗಾಗಿ ತಲೆ ತಗ್ಗಿಸಿ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಇಬ್ಬರೂ ಅಲ್ಲಿನ ವಿದ್ಯಾರ್ಥಿಗಳು. ಅಂದು ಅವರನ್ನು ತಂಡದಿಂದ ಕಿತ್ತು ಮನೆಗೆ ಕಳಿಸಿದರು, 2005ರಲ್ಲಿ ಅಲ್ಲೇ ಪ್ರತಿಮೆ ಎದ್ದಿತು. ಬಡತನದ ಗುರುತಾಗಿ ಅವರು ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ ನಿಂತದ್ದು ಅದರಲ್ಲೂ ಹಾಗೇ ಇದೆ. ಎರಡನೆಯ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ. ಅಲ್ಲಿ ನಿಂತಿದ್ದವನು ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಆ ಇಬ್ಬರಿಗೆ ಬೆಂಬಲವಾಗಿ ಎದೆಗೆ ಅವರದೇ ಬ್ಯಾಡ್ಜ್ ಚುಚ್ಚಿಕೊಂಡಿದ್ದ. ನನ್ನ ಪ್ರತಿಮೆ ಬೇಡ, ಬಂದವರು ಅಲ್ಲಿ ನಿಲ್ಲಲಿ ಎಂದನಂತೆ. 2006ರಲ್ಲಿ ಅವನು ತೀರಿಕೊಂಡಾಗ ಸ್ಮಿತ್, ಕಾರ್ಲೋಸ್ ಹೋಗಿ ಹೆಗಲು ಕೊಟ್ಟರು.

ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಖಾಲಿ ಮೆಟ್ಟಿಲು ಹತ್ತಿ ನಿಂತು, "ನಾನೂ ಕೈ ಎತ್ತಬೇಕಾ ಅಪ್ಪ?" ಎಂದಳು. ಅಲ್ಲಿ ನಿಂತಿದ್ದವನು ಎತ್ತಿರಲಿಲ್ಲ ಎಂದೆ. ಅವಳು ಕೈ ಇಳಿಬಿಟ್ಟು ನೆಟ್ಟಗೆ ನಿಂತಳು, ಫೋಟೋ ತೆಗೆದೆ.