ಮೂರು ದಿನದ ವರ್ಕ್‌ಶಾಪ್: ಮೂರು ತಿಂಗಳ ಮೇಲೆ ಏನು ಉಳಿಯುತ್ತೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಡಾಕ್ಟರು, ನರ್ಸುಗಳ ತರಬೇತಿಯ ಬಗ್ಗೆಯೇ ಇವೆ. ನಾಲ್ಕನ್ನೂ ಒಟ್ಟಿಗೇ ತಗೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಪಾಠ ಮಾಡುವುದು ಹೇಗೆ ಅಂತ ಕಲಿಸುವ ಮೂರು ದಿನದ ಬೇಸಿಕ್ ಕೋರ್ಸ್ ಮುಗಿಸಿದೆ. ಹೊಸ ಪಠ್ಯಕ್ರಮದ ವರ್ಕ್‌ಶಾಪ್ ಕೂಡ ಆಯಿತು. ಚಾರ್ಟ್ ಬರೆದೆವು, ರೋಲ್ ಪ್ಲೇ ಮಾಡಿದೆವು, ಕೊನೆಗೆ ಗ್ರೂಪ್ ಫೋಟೋ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎಲ್ಲರೂ ‘ಎಕ್ಸಲೆಂಟ್’ ಅಂತ ಬರೆದೆವು. ಸೋಮವಾರ ಬಂದರೆ ಅದೇ ಹಾಲ್, ಅದೇ 150 ಮಕ್ಕಳು, ಅದೇ ಹಳೇ ಪಿಪಿಟಿ. ಇದರಿಂದ ನಿಜವಾಗಿ ಏನಾದರೂ ಬದಲಾಗುತ್ತಾ?
– ಓದುಗರೊಬ್ಬರು, ರಾಯಚೂರು

ಉತ್ತರ: ಬದಲಾಗುತ್ತೆ. ಆದರೆ ಬ್ಯಾನರ್‌ನಲ್ಲಿ ಬರೆದಷ್ಟಲ್ಲ.

ವೈದ್ಯರ ಸಭೆ, ವರ್ಕ್‌ಶಾಪ್‌ಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಅಂತಾರಾಷ್ಟ್ರೀಯ ಸಂಸ್ಥೆ) 2021ರಲ್ಲಿ ಒಂದು ದೊಡ್ಡ ವಿಮರ್ಶೆ ಹೊರತಂದಿತು. 215 ಅಧ್ಯಯನಗಳು. ವರ್ಕ್‌ಶಾಪ್‌ಗೆ ಹೋಗಿ ಬಂದವರ ಕೆಲಸದಲ್ಲಿ ಕಂಡ ಸುಧಾರಣೆ ಸುಮಾರು ಶೇಕಡಾ 7 ಅಂಶ. ಅಂದರೆ ಮಾಡಬೇಕಾದ ಸರಿಯಾದ ಕೆಲಸವನ್ನು ನೂರರಲ್ಲಿ ಐವತ್ತು ಸಲ ಮಾಡುತ್ತಿದ್ದವರು ಐವತ್ತೇಳು ಸಲ ಮಾಡುತ್ತಾರೆ, ಅಷ್ಟೇ. ಸೊನ್ನೆ ಅಲ್ಲ ನೋಡಿ. ಲಕ್ಷಾಂತರ ರೋಗಿಗಳಿಗೆ ಲೆಕ್ಕ ಹಾಕಿದರೆ ಸಣ್ಣದೂ ಅಲ್ಲ. ಆದರೆ ಮೂರು ದಿನ ಕೆಲಸ ಬಿಟ್ಟು ಕೂತವರು ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಂಡಿರುತ್ತಾರೆ, ಅಲ್ವಾ? ಇದೇ ವಿಮರ್ಶೆಯ 2009ರ ಆವೃತ್ತಿ ಇನ್ನೊಂದು ಮಾತು ಹೇಳಿತ್ತು: ಬರೀ ಭಾಷಣ ಅಥವಾ ಬರೀ ಚರ್ಚೆಗಿಂತ ಎರಡೂ ಬೆರೆತದ್ದು ವಾಸಿ, ಮತ್ತು ಬದಲಾಗಬೇಕಾದ ನಡವಳಿಕೆ ಜಟಿಲವಾಗಿದ್ದಷ್ಟೂ ವರ್ಕ್‌ಶಾಪ್ ಒಂದರಿಂದಲೇ ಅದು ಬದಲಾಗುವುದಿಲ್ಲ.

‘ಎಕ್ಸಲೆಂಟ್’ ಫಾರ್ಮಿನ ವಿಷಯಕ್ಕೆ ಬರೋಣ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರ್ 1959ರಲ್ಲಿ ತರಬೇತಿಯನ್ನು ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದರು. ಬಂದವರಿಗೆ ಇಷ್ಟ ಆಯಿತಾ, ಏನಾದರೂ ಕಲಿತರಾ, ಕೆಲಸದ ಜಾಗದಲ್ಲಿ ಅದನ್ನು ಮಾಡಿದರಾ, ಅದರಿಂದ ಫಲ ಸಿಕ್ಕಿತಾ. ನಮ್ಮ ವರ್ಕ್‌ಶಾಪ್‌ಗಳು ಫೀಡ್‌ಬ್ಯಾಕ್ ಫಾರ್ಮಿನಿಂದ ಮೊದಲ ಮೆಟ್ಟಿಲು, ಪೋಸ್ಟ್-ಟೆಸ್ಟ್‌ನಿಂದ ಎರಡನೆಯದು ಹತ್ತಿ ಅಲ್ಲೇ ಫೋಟೋ ತೆಗೆಸಿಕೊಳ್ಳುತ್ತವೆ. ಬೆಳಿಗ್ಗೆ ಪ್ರಿ-ಟೆಸ್ಟ್, ಸಂಜೆ ಅದೇ ಪ್ರಶ್ನೆಗಳ ಪೋಸ್ಟ್-ಟೆಸ್ಟ್. ಅಂಕ ಏರದೇ ಇದ್ದರೇ ಆಶ್ಚರ್ಯ. ನಿಮ್ಮ ಕೋರ್ಸ್ ನಡೆಸಿದವರು ಮೂರು ತಿಂಗಳ ಮೇಲೆ ಬಂದು ನಿಮ್ಮ ಒಂದು ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದರಾ? ಇಲ್ಲ ತಾನೇ.

ಸೋಮವಾರ ಏನೂ ಬದಲಾಗದೇ ಇರೋಕೆ ಕಾರಣ ನೀವೊಬ್ಬರೇ ಅಲ್ಲ. 2019ರಲ್ಲಿ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಸಣ್ಣ ಗುಂಪಿನ ಪಾಠ, ಕೈಯಿಂದ ಮಾಡಿ ತೋರಿಸುವುದು, ರೋಗಿಯ ಜೊತೆ ಮಾತಾಡುವ ರೀತಿ, ಇವೆಲ್ಲ ಅದರಲ್ಲಿವೆ. ಸಣ್ಣ ಗುಂಪು ಮಾಡೋಕೆ ಟೀಚರ್ ಬೇಕು, ರೂಮ್ ಬೇಕು, ಟೈಮ್‌ಟೇಬಲ್‌ನಲ್ಲಿ ಜಾಗ ಬೇಕು. ಡಿಪಾರ್ಟ್‌ಮೆಂಟಿನಿಂದ ಒಬ್ಬರನ್ನು ಮಾತ್ರ ಕಳಿಸಿ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅದರ ಬಗ್ಗೆ ಏನೂ ಕೇಳದೇ ಇದ್ದರೆ, ಕಲಿತವರು ಎರಡು ವಾರ ಉತ್ಸಾಹದಿಂದ ಓಡಾಡಿ ಸುಮ್ನಾಗುತ್ತಾರೆ. ಮುಂದಿನ ಸಲ ಇಬ್ಬರು ಒಟ್ಟಿಗೆ ಹೋಗಿ, ಸಾಧ್ಯವಾದರೆ ಎಚ್‌ಒಡಿ ಅವರನ್ನೂ ಎಳೆದುಕೊಂಡು ಹೋಗಿ. ಬರುವಾಗ ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಿ. ಉದಾಹರಣೆಗೆ, ವಾರಕ್ಕೆ ಒಂದು ಸಲ ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿ ರೋಗಿಯನ್ನು ನೋಡುವುದನ್ನು ಪೂರ್ತಿ ನಿಂತು ನೋಡುವುದು, ಆಮೇಲೆ ಐದು ನಿಮಿಷ ಮಾತಾಡುವುದು. ಇದಕ್ಕೆ ಯಾರ ಪರ್ಮಿಷನ್ನೂ ಬೇಡ.

ಪ್ರಶ್ನೆ: ನಮಸ್ಕಾರ ಸರ್. ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಸ್ಟಾಫ್ ನರ್ಸ್. ಹುಟ್ಟಿದ ಮಗು ಅಳದಿದ್ದರೆ ಏನು ಮಾಡಬೇಕು ಅಂತ ಜಿಲ್ಲೆಯಲ್ಲಿ ತರಬೇತಿ ಕೊಟ್ಟರು. ಬೊಂಬೆ ಮೇಲೆ ಚೆನ್ನಾಗಿ ಮಾಡಿದೆ, ಮೆಚ್ಚಿದರು. ಆದರೆ ಇಲ್ಲಿ ನಿಜವಾದ ಮಗು ನೀಲಿಯಾಗಿ ಬಂದಾಗ ಕೈ ನಡುಗುತ್ತೆ, ಮಾಸ್ಕ್ ಸರಿ ಕೂರುವುದಿಲ್ಲ. ಮತ್ತೊಮ್ಮೆ ತರಬೇತಿಗೆ ಹಾಕಿಸಿಕೊಳ್ಳಲಾ?
– ಓದುಗರೊಬ್ಬರು, ದೇವದುರ್ಗ

ಉತ್ತರ: ನೋಡಿ ಸಿಸ್ಟರ್, ನಿಮಗೆ ಆದದ್ದು ತಾಂಜಾನಿಯಾ ದೇಶದ ಹಳ್ಳಿಗಾಡಿನ ಒಂದು ಆಸ್ಪತ್ರೆಗೇ ಆಗಿದೆ. ಹೇಡಮ್ ಅಂತ ಆ ಊರ ಹೆಸರು. ಅದರ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

2010ರಲ್ಲಿ ಅಲ್ಲಿನ ಸಿಬ್ಬಂದಿಗೆ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಒಂದು ದಿನದ ತರಬೇತಿ ಕೊಟ್ಟರು. ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಮಗು ತಾನೇ ಉಸಿರಾಡಬೇಕು, ಇಲ್ಲವೇ ನಾವು ಬ್ಯಾಗ್-ಮಾಸ್ಕ್‌ನಿಂದ (ಮೂಗು-ಬಾಯಿಗೆ ಮಾಸ್ಕ್ ಇಟ್ಟು, ಅದರ ಬ್ಯಾಗ್ ಒತ್ತಿ) ಉಸಿರು ಕೊಡಬೇಕು, ಇಷ್ಟೇ ಅದರ ತಿರುಳು. ತಿಂಗಳುಗಳ ನಂತರ ಪರೀಕ್ಷೆ ಮಾಡಿದರು. ಬೊಂಬೆ ಮೇಲೆ ಸರಿಯಾಗಿ ಮಾಡಿದವರು ಶೇಕಡಾ 18ರಿಂದ 74ಕ್ಕೆ ಏರಿದ್ದರು! ಯಾರಾದರೂ ಚಪ್ಪಾಳೆ ತಟ್ಟಿ ಮನೆಗೆ ಹೋಗುವಂಥ ಅಂಕ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ, ಹೆರಿಗೆ ಕೋಣೆಯಲ್ಲಿ ನಿಜವಾದ ಮಕ್ಕಳಿಗೆ ಏನು ಮಾಡುತ್ತಿದ್ದಾರೆ ಅಂತ ನಿಂತು ನೋಡಿದರು. ಅಲ್ಲಿ ಸುಧಾರಣೆ ಕಾಣಲಿಲ್ಲ. ಉಸಿರು ಕೊಡಿಸಿಕೊಂಡ ಮಕ್ಕಳ ಪ್ರಮಾಣ ಮೊದಲಿನಷ್ಟೇ, ಬೆನ್ನುಜ್ಜಿ ಎಬ್ಬಿಸುವುದಂತೂ ಕಡಿಮೆಯೇ ಆಗಿತ್ತು.

ಆಮೇಲೆ ಅವರು ಮಾಡಿದ್ದು ದೊಡ್ಡ ವರ್ಕ್‌ಶಾಪ್ ಅಲ್ಲ. ಬೊಂಬೆಯನ್ನು ಕೆಲಸದ ಜಾಗಕ್ಕೇ ತಂದಿಟ್ಟರು. ವಾರಕ್ಕೊಮ್ಮೆ ಕೆಲವೇ ನಿಮಿಷ ಅಭ್ಯಾಸ, ತಿಂಗಳಿಗೊಮ್ಮೆ ಸುಮಾರು 40 ನಿಮಿಷ. ನಡೆಸುವವರು ಅಲ್ಲಿನ ಸಿಬ್ಬಂದಿಯೇ, ಹೊರಗಿನವರಲ್ಲ. ಆಗ ಹುಟ್ಟಿದ 24 ಗಂಟೆಯೊಳಗೆ ಸಾಯುವ ಮಕ್ಕಳು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿದರು. ಅದೇ ಆಸ್ಪತ್ರೆ, ಅದೇ ಪಾಠ. ಎಡದಂಡೆ ಕಾಲುವೆಗೆ ಒಂದೇ ಸಲ ಜೋರಾಗಿ ನೀರು ಬಿಟ್ಟು ಮೂರು ತಿಂಗಳು ಗೇಟ್ ಮುಚ್ಚಿದರೆ ಭತ್ತ ಬರುತ್ತಾ? ಇದೂ ಹಾಗೆಯೇ.

ನಮ್ಮ ಕಡೆಯ ಲೆಕ್ಕವೂ ಇದೆ. ಇದೇ ತರಬೇತಿಯ ಬಗ್ಗೆ ಬೆಳಗಾವಿಯ ವೈದ್ಯರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸತ್ತು ಹುಟ್ಟಿದವು ಅಂತ ಲೆಕ್ಕಕ್ಕೆ ಬರುವ ಮಕ್ಕಳು ಶೇಕಡಾ 3ರಿಂದ 2.3ಕ್ಕೆ ಇಳಿದರು. ಸತ್ತೇ ಹುಟ್ಟಿತು ಅಂತ ಬರೆದುಬಿಡುತ್ತಿದ್ದ ಕೆಲವು ಮಕ್ಕಳು, ಉಸಿರು ಕೊಟ್ಟರೆ ಬದುಕುವವೇ ಆಗಿರುತ್ತವೆ. ಆದರೆ ಹುಟ್ಟಿದ ಮೇಲೆ ಸಾಯುವ ಶಿಶುಗಳ ಪ್ರಮಾಣ ಇಳಿಯಲಿಲ್ಲ. ಅದಕ್ಕೆ ಸೋಂಕು, ಕಡಿಮೆ ತೂಕ ಅಂತ ಬೇರೆ ಬೇರೆ ಕಾರಣಗಳಿರುತ್ತವೆ, ಒಂದು ಮಾಸ್ಕ್‌ನಿಂದ ಎಲ್ಲವೂ ಸರಿಹೋಗುವುದಿಲ್ಲ.

ಹಾಗಾಗಿ ಜಿಲ್ಲೆಗೆ ಮತ್ತೆ ಹೋಗುವುದಕ್ಕಿಂತ ಮೊದಲು ನಿಮ್ಮ ವೈದ್ಯಾಧಿಕಾರಿಗಳನ್ನು ಒಂದು ಬೊಂಬೆ ಕೇಳಿ. ಹೆರಿಗೆ ಕೋಣೆಯಲ್ಲೇ ಇರಲಿ, ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ (ಬೊಂಬೆ ಹಾಳಾದರೆ ಯಾರು ಜವಾಬ್ದಾರಿ ಅಂತ ಕೇಳುವವರು ಇದ್ದೇ ಇರುತ್ತಾರೆ). ಡ್ಯೂಟಿ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಸೇರಿ ಎರಡು ನಿಮಿಷ ಮಾಡಿ. ಬ್ಯಾಗ್ ಒತ್ತಿದಾಗ ಎದೆ ಏಳುತ್ತಾ ನೋಡಿ, ನಿಮಿಷಕ್ಕೆ 40ರಿಂದ 60 ಉಸಿರು. ಮಾಸ್ಕ್ ಸೋರುತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತೆ. ಮಗು ಬಂದ ಮೇಲೆ ಗೊತ್ತಾದರೆ ತಡ.

ಪ್ರಶ್ನೆ: ಡಾಕ್ಟ್ರೇ, ಮಗಳು ಎಂಬಿಬಿಎಸ್ ಎರಡನೇ ವರ್ಷ. ತಿಂಗಳಿಗೊಂದು ವರ್ಕ್‌ಶಾಪ್ ಅಂತ ಬೆಂಗಳೂರಿಗೆ ಹೋಗಬೇಕು ಅಂತಾಳೆ. ಫೀಸು, ಹಂಪಿ ಎಕ್ಸ್‌ಪ್ರೆಸ್ ಟಿಕೆಟ್, ಇರೋಕೆ ಜಾಗ, ಎಲ್ಲ ಸೇರಿ ಖರ್ಚು ಜಾಸ್ತಿ. ಸರ್ಟಿಫಿಕೇಟ್ ಮುಂದೆ ಪಿಜಿಗೆ ಬೇಕಾಗುತ್ತಂತೆ, ಹೌದಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಪಿಜಿ ರ‍್ಯಾಂಕ್ ಬರುವುದು ನೀಟ್-ಪಿಜಿ ಅಂಕದಿಂದ. ಸರ್ಟಿಫಿಕೇಟ್‌ನಿಂದ ಅಲ್ಲ. ಕಲಿಯೋಕೆ ಹೋಗುವುದಾದರೆ ಒಂದೇ ಪ್ರಶ್ನೆ ಕೇಳಲು ಹೇಳಿ: ಒಂದು ಬೊಂಬೆಗೆ ಎಷ್ಟು ಜನ? ಐದಾರು ಜನ ಇದ್ದರೆ ಹೋಗಲಿ. ನಲವತ್ತು ಜನ ಸುತ್ತ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡುವುದಾದರೆ ಮನೆಯಲ್ಲೇ ಯೂಟ್ಯೂಬ್ ನೋಡಬಹುದು. ಇನ್ನೊಂದು, ಮೆಡಿಕಲ್ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ (ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಕೋಣೆ) ಇರಲೇಬೇಕು ಅಂತ ನಿಯಮ ಇದೆ. ಅದರ ಬಾಗಿಲು ತೆಗೆಸಿ ಸ್ನೇಹಿತೆಯರ ಜೊತೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತುವ ಅಭ್ಯಾಸ ಮಾಡಲಿ: ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂ.ಮೀ. ಆಳ, 6 ಮೀರಬಾರದು. ಸಿಪಿಆರ್ ಕೋರ್ಸಿನಲ್ಲಿ ಕೊಡುವ ಸರ್ಟಿಫಿಕೇಟ್ ಕಾರ್ಡ್‌ಗೆ ಎರಡು ವರ್ಷ ಆಯಸ್ಸು, ಆದರೆ ಕೈಯ ಕಸುಬು ಮೂರರಿಂದ ಆರು ತಿಂಗಳಲ್ಲೇ ಜಾರಲು ಶುರುವಾಗುತ್ತೆ.

ಪ್ರಶ್ನೆ: ವೈದ್ಯರ ರಿಜಿಸ್ಟ್ರೇಷನ್ ನವೀಕರಣಕ್ಕೆ ಐದು ವರ್ಷಕ್ಕೆ 30 ಕ್ರೆಡಿಟ್ ಅವರ್ಸ್ (ಸಭೆ, ತರಬೇತಿಗಳಲ್ಲಿ ಕೂತದ್ದಕ್ಕೆ ಸಿಗುವ ಲೆಕ್ಕ) ಬೇಕು. ಅದಕ್ಕೇ ಭಾನುವಾರದ ಸಭೆಗಳಿಗೆ ಹೋಗುತ್ತೇವೆ, ಸಹಿ ಹಾಕುತ್ತೇವೆ, ಊಟ ಮಾಡುತ್ತೇವೆ. ನಮ್ಮೂರಲ್ಲೇ ಉಪಯೋಗಕ್ಕೆ ಬರುವಂಥದ್ದು ಮಾಡಬಹುದಾ?
– ಖಾಸಗಿ ವೈದ್ಯರೊಬ್ಬರು, ಕೊಪ್ಪಳ

ಉತ್ತರ: ಹಾವು ಕಡಿತ ತಗೊಳ್ಳಿ. ಹೊಲಕ್ಕೆ ಇಳಿಯುವ ಜಿಲ್ಲೆ ನಿಮ್ಮದು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಕೇಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಸ್ಲೈಡ್‌ಗಳು ಹತ್ತು ಸಾಕು. ಉಳಿದ ಸಮಯ ಬಂದವರೆಲ್ಲ ತಮ್ಮ ಕೈಯಿಂದಲೇ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ (ವಿಷದಿಂದ ರಕ್ತ ಕೆಟ್ಟಿದೆಯಾ ಅಂತ ನೋಡುವುದು) ಮಾಡಲಿ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬ್ ಬೇಕು. ಪ್ಲಾಸ್ಟಿಕ್ ಟ್ಯೂಬ್ ಹಿಡಿದರೆ ಫಲಿತಾಂಶ ನಂಬುವ ಹಾಗಿಲ್ಲ. ರಕ್ತವನ್ನು 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯಾ ಅಂತ ಆಮೇಲೆ ಓರೆ ಮಾಡಿ ನೋಡುವುದು. ಮೂರು ತಿಂಗಳ ಮೇಲೆ ಎಲ್ಲರೂ ತಮ್ಮ ಕೇಸ್ ಶೀಟ್ ತಂದು, ಬಂದ ಕೇಸುಗಳಲ್ಲಿ ಎಷ್ಟಕ್ಕೆ ಆ ಪರೀಕ್ಷೆ ಆಗಿದೆ ಅಂತ ಎಣಿಸಿ. ಊಟದ ಬದಲು ವಗ್ಗರಣೆ, ಮಿರ್ಚಿ ಸಾಕು, ಉಳಿದ ದುಡ್ಡಿಗೆ ಗಾಜಿನ ಟ್ಯೂಬ್ ತರಿಸಿ ಎಲ್ಲರ ಕ್ಲಿನಿಕ್‌ಗೂ ಹಂಚಿ.