ಅಪ್ಪಂಗೆ ಬೈಪಾಸ್ ಆಗಿದೆ, ಬಾತ್‌ರೂಮ್ ಕೆಲಸ ನಿಲ್ಲಿಸ್ಲಾ?

ಅಪ್ಪ ಬೈಪಾಸ್ ಆಗಿ ಗುರುವಾರ ಮನೆಗೆ ಬರ್ತಾರೆ, ಇತ್ತ ಬಾತ್‌ರೂಮ್ ಒಡೆದು ಹಾಕಿದೆ, ನಿಲ್ಲಿಸ್ಲಾ ಅಂತ ಕೇಳಿದೀರಲ್ಲ, ಪೂರ್ತಿ ನಿಲ್ಲಿಸ್ಬೇಡಿ ಸಾರ್, ಮೇಸ್ತ್ರಿ ಒಂದ್ಸಲ ಬೇರೆ ಸೈಟ್‌ಗೆ ಹೋದ್ರೆ ಮತ್ತೆ ಫೋನೂ ಎತ್ತಲ್ಲ. ನಮ್ಮನೇಲೂ ಇದೇ ಕಥೆ, ಅಮ್ಮಂಗೆ ಹಾರ್ಟ್ ಆಪರೇಷನ್, ಹಾಲ್ ತುಂಬ ಸಿಮೆಂಟ್ ಮೂಟೆ. ಒಡೆಯೋ ಕೆಲಸ ಅವ್ರು ಬರೋಕೆ ಮುಂಚೆ ಮುಗಿಸ್ಬಿಡಿ, ಟೈಲ್ಸ್ ಕಟಿಂಗ್ ಟೆರೇಸ್ ಮೇಲೆ, ಅದೂ ನೀರು ಬಿಟ್ಕೊಂಡು ಮಾಡ್ಲಿ, ಆ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದು. ಅಪ್ಪನ ರೂಮ್ ಬಾಗಿಲ ಸಂದಿಗೆ ಒದ್ದೆ ಟವೆಲ್ ಇಡಿ, ಪೊರಕೆ ಹಾಕದೆ ಒದ್ದೆ ಬಟ್ಟೇಲಿ ಒರೆಸಿ. ಕೆಮ್ಮು ಬಂದ್ರೆ ಆ ಹೊಲಿಗೆ ಹಾಕಿದ ಎದೆ ಎಷ್ಟು ನೋಯುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ.

ಇನ್ನೊಂದು, ಒಡೆದಿರೋದು ಒಂಥರಾ ಒಳ್ಳೇದೇ ಆಯ್ತು. ಆಪರೇಷನ್‌ಗೆ ಕೊಯ್ದ ಎದೆ ಮೂಳೆ ಕೂಡ್ಕೊಳೋಕೆ ಸುಮಾರು 6ರಿಂದ 12 ವಾರ ಬೇಕು, ಅಲ್ಲಿವರೆಗೂ ಕೈ ಊರಿ, ಜಗ್ಗಿ ಏಳೋ ಹಾಗಿಲ್ಲ, ಅದಕ್ಕೇ ಸ್ವಲ್ಪ ಎತ್ತರದ ಕಮೋಡ್ ಹಾಕ್ಸಿ, ಹೊಸ್ತಿಲು ತೆಗ್ಸಿ, ಜಾರದ ಟೈಲ್ಸ್ ತಗೊಳಿ. ಗೋಡೆಗೆ ಹಿಡಿಕೆ ರಾಡ್ ಈಗ್ಲೇ ಕೂರ್ಸಿ, ಆಮೇಲೆ ಟೈಲ್ಸ್‌ಗೆ ಡ್ರಿಲ್ ಮಾಡೋ ಗೋಳು ಬೇಡ, ಆದ್ರೆ ಮೂಳೆ ಕೂಡೋವರೆಗೂ ಅಪ್ಪ ಅದನ್ನ ಹಿಡಿದು ಜಗ್ಗೋದು ಬೇಡ. ವಾಟರ್‌ಪ್ರೂಫಿಂಗ್ ಆದ್ಮೇಲೆ 24 ಗಂಟೆಯಾದ್ರೂ ನೆಲದ ಮೇಲೆ ನೀರು ತುಂಬಿಟ್ಟು ಕೆಳಗೆ ಸೋರುತ್ತಾ ನೋಡಿ, ನಾವು ಅವಸರದಲ್ಲಿ ಬಿಟ್ವಿ, ಈಗ ಕೆಳಗಿನ ಮನೆ ಆಂಟಿ ನೋಡಿದ್ರೆ ಮುಖ ತಿರುಗಿಸ್ತಾರೆ. ಪೇಂಟ್ ಮಾತ್ರ ಅಪ್ಪ ಸುಧಾರಿಸ್ಕೊಂಡ ಮೇಲೆ ಹೊಡೆಸಿ.