ಟ್ರಾಯ್‌ಗೆ ಬರೆಯುವ ಮುನ್ನ ಡಾಕೆಟ್ ಸಂಖ್ಯೆ

ಚಿಂಚೋಳಿ ಕಡೆಯ ನಿಮ್ಮ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಬರೆಯಿರಿ, ಬೇಡವೆನ್ನುವುದಿಲ್ಲ, ಆದರೆ ಅದು ಒಬ್ಬೊಬ್ಬರ ದೂರನ್ನು ವಿಚಾರಿಸುವ ಕಚೇರಿಯಲ್ಲ. 1997ರಲ್ಲಿ ಹುಟ್ಟಿದ ಆ ಪ್ರಾಧಿಕಾರ ದರ ಮತ್ತು ಸೇವೆಯ ಗುಣಮಟ್ಟಕ್ಕೆ ನಿಯಮ ರೂಪಿಸುತ್ತದೆ. ಪರವಾನಗಿ, ನೀತಿ ಎಲ್ಲ ದೂರಸಂಪರ್ಕ ಇಲಾಖೆಯ ಕೈಯಲ್ಲಿವೆ.

ಮೊದಲು ನಿಮ್ಮ ಮೊಬೈಲ್ ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆಯಿರಿ. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ನಾನು ನನ್ನ ಡಾಕೆಟ್ ಸಂಖ್ಯೆಯನ್ನು ಕಲಬುರಗಿ ಗಂಜ್‌ನಲ್ಲಿ ತೊಗರಿ ಮಾರಿದ ಚೀಟಿಯ ಹಿಂದೆ ಗೀಚಿದ್ದೆ. ಚೀಟಿ ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಯಿತು, ದೂರು ಮತ್ತೆ ಮೊದಲಿನಿಂದ! ನೀವು ದಿನದರ್ಶಿಕೆಯ ಮೇಲೆ ಬರೆದಿಡಿ.